ಸ್ಟೋನ್ಸ್‌ಗೆ 'ಅಲ್ಲ' ಎನ್ನುವವರು ಬೇಕಿತ್ತು

ಇಂಗ್ಲೆಂಡಿನ ಹಳೆಯ ರಾಕ್ ತಂಡ ರೋಲಿಂಗ್ ಸ್ಟೋನ್ಸ್‌ನ ಹೊಸ ಹಾಡುಗಳ ಮಾತು ಬಂದರೆ ಸಾಕು, ಜನ "ಅರವತ್ತರ ಅರಳುಮರಳು, ಇನ್ನೇನು ಬರೀತಾರೆ" ಅಂತ ತೀರ್ಪು ಕೊಟ್ಟುಬಿಡುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ.

1968ರಿಂದ 1972ರೊಳಗೆ ಇವರು ನಾಲ್ಕು ಸ್ಟುಡಿಯೋ ಆಲ್ಬಮ್ ಕೊಟ್ಟರು. 'ಬೆಗರ್ಸ್ ಬ್ಯಾಂಕ್ವೆಟ್'ನಿಂದ 'ಎಕ್ಸೈಲ್ ಆನ್ ಮೇನ್ ಸ್ಟ್ರೀಟ್'ವರೆಗೆ ಒಂದೂ ಕಳಪೆಯಲ್ಲ. ಇನ್ನು 1981ರ 'ಟ್ಯಾಟೂ ಯು' ವಿಷಯಕ್ಕೆ ಬನ್ನಿ. ಪ್ರವಾಸ ಹೊರಡಬೇಕು, ಅದಕ್ಕೊಂದು ಆಲ್ಬಮ್ ಬೇಕು, ಆದರೆ ತಂಡದ ಹಾಡು ಬರೆಯುವ ಜೋಡಿ, ಗಾಯಕ ಮಿಕ್ ಜಾಗರ್ ಮತ್ತು ಗಿಟಾರ್ ವಾದಕ ಕೀತ್ ರಿಚರ್ಡ್ಸ್, ಒಟ್ಟಿಗೆ ಕೂತು ಬರೆಯುವ ಸ್ಥಿತಿಯಲ್ಲಿರಲಿಲ್ಲ. ಧ್ವನಿಮುದ್ರಣ ನೋಡಿಕೊಳ್ಳುತ್ತಿದ್ದ ಕ್ರಿಸ್ ಕಿಮ್ಸೆ ಹಳೆಯ ಟೇಪುಗಳನ್ನೆಲ್ಲ ಜಾಲಾಡಿ, ಬಿಟ್ಟುಹಾಕಿದ್ದ ಹಾಡುಗಳನ್ನು ಹೆಕ್ಕಿ ತೆಗೆದರು. 'ಸ್ಟಾರ್ಟ್ ಮಿ ಅಪ್' ಸಿಕ್ಕಿದ್ದು ಹಾಗೆ. 1978ರಲ್ಲಿ ಪ್ಯಾರಿಸ್‌ನಲ್ಲಿ ಅದನ್ನು ಜಮೈಕಾದ ರೆಗ್ಗೆ ಧಾಟಿಯಲ್ಲಿ ಮತ್ತೆ ಮತ್ತೆ ನುಡಿಸಿ, ಸರಿಬಾರದೆ ಕೈಬಿಟ್ಟಿದ್ದರು. ನಡುವೆ ರಾಕ್ ಧಾಟಿಯಲ್ಲಿ ನುಡಿಸಿದ್ದು ಟೇಪಿನಲ್ಲಿ ಉಳಿದುಕೊಂಡಿತ್ತು. ಜಗತ್ತು ಕುಣಿದದ್ದು ಅದಕ್ಕೆ. ಆಲ್ಬಮ್ ಬಂದಾಗ ಜಾಗರ್‌ಗೆ 38. ಆ ವಯಸ್ಸಿಗೇ ಉಗ್ರಾಣಕ್ಕೆ ಕೈ ಹಾಕಬೇಕಾಗಿ ಬಂದಿತ್ತು ಅಂದಮೇಲೆ ಮುಪ್ಪನ್ನು ದೂರಿ ಏನು ಪ್ರಯೋಜನ?

ನನ್ನ ಪ್ರಕಾರ ಮೊದಲು ಹೋದದ್ದು ಬರೆಯಲೇಬೇಕೆಂಬ ಒತ್ತಡ. ಶುರುವಿನಲ್ಲಿ ಇವರು ಹೆಚ್ಚಾಗಿ ಬೇರೆಯವರ ಬ್ಲೂಸ್ ಹಾಡುಗಳನ್ನೇ ಹಾಡುತ್ತಿದ್ದರು. ಸ್ವಂತ ಹಾಡಿಲ್ಲದಿದ್ದರೆ ಬಹಳ ದಿನ ನಡೆಯಲ್ಲ ಅಂತ ಮ್ಯಾನೇಜರ್ ಆಂಡ್ರೂ ಓಲ್ಡಮ್ ಬೆನ್ನು ಹತ್ತಿದ ಮೇಲೆಯೇ ಜಾಗರ್, ರಿಚರ್ಡ್ಸ್ ಇಬ್ಬರೂ ಬರೆಯಲು ಕೂತದ್ದು. 1971ರಲ್ಲಿ ತೆರಿಗೆ ಕಾಟ ತಾಳದೆ ಇಂಗ್ಲೆಂಡ್ ಬಿಟ್ಟು ದಕ್ಷಿಣ ಫ್ರಾನ್ಸ್ ಸೇರಿದರು. ಅಲ್ಲಿ ರಿಚರ್ಡ್ಸ್ ಬಾಡಿಗೆ ಬಂಗಲೆಯ ನೆಲಮಾಳಿಗೆಯಲ್ಲಿ ಎಂಥ ಸೆಕೆ ಎಂದರೆ ಗಿಟಾರಿನ ಶ್ರುತಿ ನಿಲ್ಲುತ್ತಿರಲಿಲ್ಲ. 'ಎಕ್ಸೈಲ್'ನ ಎಷ್ಟೋ ಹಾಡು ಮೈದಳೆದದ್ದು ಅಲ್ಲೇ.

1989ರ ಭಾರೀ ಪ್ರವಾಸದ ನಂತರ ಲೆಕ್ಕಾಚಾರ ಬದಲಾಯಿತು. ಕ್ರೀಡಾಂಗಣ ತುಂಬಲು ಹಳೆಯ ಹಾಡೇ ಸಾಕಿತ್ತು. ಇದರಲ್ಲಿ ಕೇಳುಗರಾದ ನಮ್ಮ ಪಾಲೂ ಇದೆ. ಹೊಸ ಹಾಡು ಶುರುವಾದ ಕೂಡಲೇ ಬಿಯರ್ ತರಲು ಎದ್ದು ಹೋಗುವ ಸಭೆಯ ಮುಂದೆ ಯಾರಿಗೆ ತಾನೇ ಬರೆಯುವ ಹುಮ್ಮಸ್ಸು ಉಳಿದೀತು?

ಜೊತೆಗೆ, ಹೆಸರು ದೊಡ್ಡದಾದಷ್ಟೂ ಸುತ್ತ ಹೌದಪ್ಪಗಳೇ ಸೇರುತ್ತಾರೆ. "ಇದು ಸಾಲದು, ಇನ್ನೊಮ್ಮೆ ಬರಿ" ಅನ್ನುವ ಒಬ್ಬ ಅಲ್ಲಪ್ಪ ಸಿಗುವುದಿಲ್ಲ. ಸಿಕ್ಕವರು ಏನು ಮಾಡಿದರು ನೋಡಿ. ಅಮೆರಿಕದ ಗಾಯಕ ಬಾಬ್ ಡಿಲನ್ 56ನೇ ವಯಸ್ಸಿನಲ್ಲಿ ತಂದ 'ಟೈಮ್ ಔಟ್ ಆಫ್ ಮೈಂಡ್', ನಿರ್ಮಾಪಕ ಡೇನಿಯಲ್ ಲನ್ವಾ ಜೊತೆ ಗುದ್ದಾಡುತ್ತಲೇ ಮಾಡಿದ್ದು. ವರ್ಷದ ಆಲ್ಬಮ್ ಅಂತ ಗ್ರ್ಯಾಮಿ ಬಂತು. ಇಂಗ್ಲೆಂಡಿನ ಗಾಯಕ ಡೇವಿಡ್ ಬೋವಿ ಕೊನೆಯ ಆಲ್ಬಮ್ಮಿಗೆ ನ್ಯೂಯಾರ್ಕಿನ ಜಾಝ್ ವಾದಕರನ್ನು ಕರೆದುಕೊಂಡರು. ಕಾಯಿಲೆ ಮೈ ತಿನ್ನುತ್ತಿದ್ದಾಗ ಮಾಡಿದ 'ಬ್ಲ್ಯಾಕ್‌ಸ್ಟಾರ್' 2016ರ ಜನವರಿ 8ರಂದು, ಅವರ 69ನೇ ಹುಟ್ಟುಹಬ್ಬಕ್ಕೆ ಹೊರಬಂತು. ಎರಡೇ ದಿನಕ್ಕೆ ತೀರಿಕೊಂಡರು. ನನಗಂತೂ ಅದು ಅವರ ಅತ್ಯುತ್ತಮ ಕೆಲಸಗಳಲ್ಲೊಂದು.

ಸ್ಟೋನ್ಸ್‌ಗೂ ಕಡೆಗೆ ಹಾಗೆ ಹೊರಗಿನಿಂದ ಒಬ್ಬರು ಬರಬೇಕಾಯಿತು. 2005ರ ನಂತರ ಸ್ವಂತ ಹಾಡುಗಳ ಆಲ್ಬಮ್ ಬರಲು 18 ವರ್ಷ ಹಿಡಿಯಿತು. ಜಾಗರ್ ಗಡುವು ಹಾಕಿದರು, ಮೂವತ್ತರ ಆಸುಪಾಸಿನ ಆಂಡ್ರೂ ವಾಟ್ ನಿರ್ಮಾಪಕನಾಗಿ ಬಂದು ಕೆಲಸ ಎಳೆದುಕೊಂಡು ಹೋದರು. ಅಷ್ಟು ವರ್ಷ ಆಗದ್ದು ಕೆಲವೇ ತಿಂಗಳಲ್ಲಿ ಆಯಿತು. ಆ 'ಹ್ಯಾಕ್ನಿ ಡೈಮಂಡ್ಸ್' ಪೂರ್ತಿ ಚೆನ್ನಾಗಿದೆ ಅಂತ ನಾನು ಹೇಳುವುದಿಲ್ಲ. ಆದರೆ 'ಸ್ವೀಟ್ ಸೌಂಡ್ಸ್ ಆಫ್ ಹೆವನ್' ಒಮ್ಮೆ ಕೇಳಿ. ಹಾಡು ಮುಗಿಯಿತು ಅನ್ನುವಾಗ ವಾದ್ಯಗಳು ಮತ್ತೆ ಎದ್ದು, ಜಾಗರ್ ಮತ್ತು ಪಾಪ್ ಗಾಯಕಿ ಲೇಡಿ ಗಾಗಾ ಒಬ್ಬರನ್ನೊಬ್ಬರು ಮೀರಿಸುವಂತೆ ದನಿ ಏರಿಸುತ್ತಾರೆ. ಹಾಡು ಬಿಡುಗಡೆಯಾದಾಗ ಜಾಗರ್‌ಗೆ 80.