ಹೊಗೆ ಬಂತು, ಹೊಗೆ ಹೋಯ್ತು

ಊದುಬತ್ತಿ ಹಚ್ಚಿದರೆ ಹೊಗೆ ಬರಲು ಎರಡು ಸೆಕೆಂಡು ಸಾಕು. ಕಂಪ್ಯೂಟರಿನಲ್ಲಿ ಅದೇ ಹೊಗೆ ಬರಿಸಲು ಆರು ದಿನ ಬೇಕು. ಇದು ಅನುಭವದ ಮಾತು.

ನಮ್ಮದು ಬೆಂಗಳೂರಿನ ಒಂದು ಮನೆಯ ಮಹಡಿಯಲ್ಲಿರುವ ಪುಟ್ಟ ಅನಿಮೇಷನ್ ಆಫೀಸು. ಊದುಬತ್ತಿ ಕಂಪನಿಯೊಂದರ ಜಾಹೀರಾತು ಸಿಕ್ಕಿತ್ತು. 30 ಸೆಕೆಂಡಿನದು. ಸೆಕೆಂಡಿಗೆ 25 ಫ್ರೇಮಿನಂತೆ 750 ಫ್ರೇಮು. ಹೊಗೆ ಇರುವುದರಿಂದ ಒಂದೊಂದು ಫ್ರೇಮ್ ರೆಂಡರ್ ಆಗಲು (ಕಂಪ್ಯೂಟರ್ ಚಿತ್ರ ಬಿಡಿಸಿ ಮುಗಿಸಲು) 12 ನಿಮಿಷ. ಅಂದರೆ ಒಂದೇ ಮಿಷಿನ್ನಿಗೆ ಕೊಟ್ಟರೆ 150 ಗಂಟೆ.

ಬಾಸ್ ಕ್ಯಾಲ್ಕುಲೇಟರ್ ಒತ್ತಿದರು. "ಆಫೀಸಲ್ಲಿ ಎಂಟು ಮಿಷಿನ್ ಇದೆ ಅಲ್ವಾ? ಸಂಜೆ ಆರಕ್ಕೆ ಹಾಕಿದ್ರೆ ನಾಳೆ ಊಟಕ್ಕೆ ಮುಂಚೆ ರೆಡಿ. ಎಲ್ಲಾ ಸೇರಿಸಿ ಒಂದು ರೆಂಡರ್ ಫಾರ್ಮ್ ಮಾಡಿಬಿಡಿ."

ಹಿಂದೊಮ್ಮೆ ನಾನು ವೈಫೈ ಸರಿಮಾಡಿದ್ದೆ. ಅದೇ ನನ್ನ ಅರ್ಹತೆ.

ಊರಿನಲ್ಲಿ ಅಪ್ಪನಿಗೆ ಫೋನಿನಲ್ಲಿ, ಫಾರ್ಮ್ ಕೆಲಸ, ರಾತ್ರಿ ಇಲ್ಲೇ ಇರ್ತೀನಿ ಎಂದೆ. "ಎಷ್ಟು ಎಕರೆ?" ಎಂದರು. ಎಕರೆ ಇಲ್ಲ, ಎಂಟು ಕಂಪ್ಯೂಟರ್ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಫೋನನ್ನು ಅಮ್ಮನ ಕೈಗೆ ಕೊಟ್ಟರು.

ನಾವು ಅನಿಮೇಷನ್ ಮಾಡುವ ಸಾಫ್ಟ್‌ವೇರ್ ಬ್ಲೆಂಡರ್. ಅದರವರೇ ಇದಕ್ಕೊಂದು ಸಾಫ್ಟ್‌ವೇರ್ ಮಾಡಿದ್ದಾರೆ, ಫ್ಲಮೆಂಕೊ ಅಂತ. ದುಡ್ಡಿಲ್ಲ, ಪುಕ್ಕಟೆ. ಸ್ಪೇನಿನಲ್ಲಿ ಆ ಹೆಸರಿನ ಕುಣಿತವಿದೆ. ಇಲ್ಲಿ ಕುಣಿದದ್ದು ನಾನು. ಒಂದು ಮಿಷಿನ್ ಮ್ಯಾನೇಜರ್, ಮಿಕ್ಕವು ವರ್ಕರ್. ಮ್ಯಾನೇಜರ್ ರೆಂಡರ್ ಮಾಡಲೇಬೇಕೆಂದಿಲ್ಲ. ಫ್ರೇಮ್ ಹಂಚುವುದು, ಯಾರು ಎಚ್ಚರ, ಯಾರು ನಿದ್ದೆ, ಯಾರು ಕೈಕೊಟ್ಟರು ಎಂದು ಬರೆದಿಡುವುದು, ಇಷ್ಟೇ ಅದರ ಕೆಲಸ. ಥೇಟ್ ಮೇಸ್ತ್ರಿ. ನಾನು ಆ ಮಿಷಿನ್ನಿನಲ್ಲೇ ಒಂದು ವರ್ಕರನ್ನೂ ಕೂರಿಸಿದೆ. ಎಂಟಕ್ಕೆ ಏಳಾದರೆ ಬಾಸ್ ಲೆಕ್ಕ ಕೇಳುತ್ತಾರೆ.

ವರ್ಕರುಗಳು ಮ್ಯಾನೇಜರನ್ನು ತಾವೇ ಹುಡುಕಿಕೊಳ್ಳಬೇಕು. ನಮ್ಮವು ಹುಡುಕಲಿಲ್ಲ. ನಾನೇ ವಿಳಾಸ ಬರೆದು ಕೊಟ್ಟೆ: 192.168.1.14, ಪೋರ್ಟ್ 8080. ಎಲ್ಲವೂ ಸಾಲಾಗಿ ಹಾಜರಿ ಹಾಕಿದವು. ಅಷ್ಟರಲ್ಲಿ ಕರೆಂಟ್ ಹೋಯಿತು. ಎರಡು ನಿಮಿಷಕ್ಕೆ ಬಂತು. ಎಲ್ಲವನ್ನೂ ಮತ್ತೆ ಹಚ್ಚಿದೆ. ಈಗ ಒಬ್ಬ ವರ್ಕರಿಗೂ ಮ್ಯಾನೇಜರ್ ಸಿಗುತ್ತಿಲ್ಲ.

14ಕ್ಕೆ ಪಿಂಗ್ ಮಾಡಿದೆ, ಅಂದರೆ ಇದ್ದೀಯಾ ಎಂದು ಕೂಗಿ ನೋಡಿದೆ. ಉತ್ತರ ಬಂತು. ಮೇಸ್ತ್ರಿ ಬದುಕಿದ್ದಾನೆ, ಆದರೂ ಬಾಗಿಲು ತೆಗೆಯುತ್ತಿಲ್ಲ. ಫೈರ್‌ವಾಲ್ ಆಫ್ ಮಾಡಿದೆ. ಕೇಬಲ್ ಬದಲಿಸಿದೆ. ರಾತ್ರಿ ಒಂದೂವರೆಗೆ, ಆ ವಿಳಾಸವನ್ನು ಸುಮ್ನೆ ಬ್ರೌಸರಿನಲ್ಲಿ ಹಾಕಿ ನೋಡಿದೆ. ಟೋನರ್ 12% ಉಳಿದಿದೆ ಎಂದು ಬಂತು.

ಅದು ಪ್ರಿಂಟರ್! ಕರೆಂಟ್ ಬಂದಾಗ ರೂಟರ್ ಎಲ್ಲರಿಗೂ ಹೊಸದಾಗಿ ನಂಬರ್ ಹಂಚಿತ್ತು. ಮ್ಯಾನೇಜರಿಗೆ 17 ಸಿಕ್ಕಿತ್ತು, ಅವನ ಹಳೇ ಮನೆಗೆ ಪ್ರಿಂಟರ್ ಬಾಡಿಗೆಗೆ ಬಂದಿತ್ತು. ಮೂರು ಗಂಟೆ ಹೊತ್ತು ವರ್ಕರುಗಳೆಲ್ಲ ಪ್ರಿಂಟರಿನ ಮನೆ ಮುಂದೆ ನಿಂತು ಕೆಲಸ ಕೇಳುತ್ತಿದ್ದವು. ರೂಟರಿನಲ್ಲಿ 14ನ್ನು ಮ್ಯಾನೇಜರಿಗೇ ಖಾಯಂ ಮಾಡಿ ಮಲಗಿದೆ.

ಮರುದಿನ ಸಂಜೆ ಮತ್ತೆ ಶುರು. ಬೆಳಿಗ್ಗೆ ಬಂದು ನೋಡಿದರೆ ನಾಲ್ಕೇ ಗಂಟೆಯಲ್ಲಿ ಎಲ್ಲ ಮುಗಿದಿತ್ತು! ಬಾಸ್ ಲೆಕ್ಕಕ್ಕಿಂತಲೂ ಬೇಗ. ಅದೂ ಏಳೇ ಮಿಷಿನ್‌ನಲ್ಲಿ, ಯಾಕೆಂದರೆ ಎಂಟನೆಯದು ಲೆಕ್ಕಪತ್ರದ ಮೇಡಂದು. ಅವರು ಆರು ಗಂಟೆಗೆ ಸ್ವಿಚ್ ಆರಿಸಿ ಹೋಗಿದ್ದರು. ಕರೆಂಟ್ ಬಿಲ್ ಕಟ್ಟುವುದೂ ಅವರೇ, ಬೈಯುವಂತಿಲ್ಲ. ಎಲ್ಲರನ್ನೂ ಕರೆದು ವಿಡಿಯೋ ಹಾಕಿದೆ.

ಊದುಬತ್ತಿ ಇದೆ. ತುದಿಯಲ್ಲಿ ಕೆಂಡ ಇದೆ. ಹೊಗೆ ಇಲ್ಲ. ಒಂಬತ್ತನೇ ಸೆಕೆಂಡಿಗೆ ಅರ್ಧ ಸೆಕೆಂಡಿಗೂ ಕಮ್ಮಿ ಹೊತ್ತು ಹೊಗೆ ಫುಸ್ ಎಂದು ಬಂದು ಮಾಯವಾಯಿತು. ಇಪ್ಪತ್ತೊಂದಕ್ಕೆ ಇನ್ನೊಮ್ಮೆ ಫುಸ್. ಅಷ್ಟೇ. ಯಾರೋ ಸೀನಿದ ಹಾಗೆ.

ಹೊಗೆ ಮಾಡಿದ ಹುಡುಗ ಮೆಲ್ಲಗೆ ಬಾಯಿ ಬಿಟ್ಟ. "ಸರ್, ಹೊಗೆಯ ಕ್ಯಾಶ್, ಅಂದ್ರೆ ಮೊದಲೇ ಲೆಕ್ಕ ಹಾಕಿಟ್ಟ ಹೊಗೆಯ ಫೈಲು, ನನ್ನ ಡಿ ಡ್ರೈವ್‌ನಲ್ಲಿದೆ. ನೆಟ್‌ವರ್ಕಲ್ಲಿ ಸ್ಲೋ ಆಗುತ್ತೆ ಅಂತ..."

ಹೊಗೆ ಇದ್ದದ್ದು ಅವನ ಮಿಷಿನ್ ಮಾಡಿದ ಫ್ರೇಮುಗಳಲ್ಲಿ ಮಾತ್ರ. ಮಿಕ್ಕ ಆರೂ ತಂತಮ್ಮ ಡಿ ಡ್ರೈವ್ ತಡಕಿ, ಏನೂ ಸಿಗದೆ, ಬರೀ ಕಡ್ಡಿ ರೆಂಡರ್ ಮಾಡಿದ್ದವು. ಕಡ್ಡಿಗೆ ಎರಡೇ ನಿಮಿಷ ಸಾಕು. ನನ್ನ ದಾಖಲೆ ವೇಗದ ಗುಟ್ಟು ಇದು. ಬ್ಲೆಂಡರಿನ ಮೇಲೆ ನನಗೊಂದು ಸಿಟ್ಟು ಇದೆ. ಚಿತ್ರದ ಫೈಲು ಸಿಗದಿದ್ದರೆ ಆ ಜಾಗಕ್ಕೆ ಬಾಂಬೆ ಮಿಠಾಯಿ ಬಣ್ಣ ಬಳಿದು ಊರಿಗೆಲ್ಲ ಸಾರುತ್ತೆ. ಹೊಗೆ ಕಳೆದರೆ ಮಾತ್ರ ಮಗುಮ್ಮಾಗಿ ಇರುತ್ತೆ.

ಹೊಗೆಯನ್ನು ಎಲ್ಲರಿಗೂ ಕಾಣುವ ಝಡ್ ಡ್ರೈವಿಗೆ ಹಾಕಿ, ಮೇಡಂ ಕೈಕಾಲು ಹಿಡಿದು, ಶನಿವಾರ ಸಂಜೆ ಆರಕ್ಕೆ ಮೂರನೇ ಸಲ ಹಾಕಿದೆ. ಎಲ್ಲರಿಗೂ ಹತ್ತು ಹತ್ತು ಫ್ರೇಮಿನ ಕಂತೆ. ಭಾನುವಾರ ಸಂಜೆ ನಾಲ್ಕಕ್ಕೆ ಏಳು ಮಿಷಿನ್ ಕೆಲಸ ಮುಗಿಸಿ ಕೈಕಟ್ಟಿ ಕೂತವು. ಮೇಡಂ ಮಿಷಿನ್ ಇನ್ನೂ ಮೂರನೇ ಕಂತೆಯಲ್ಲಿತ್ತು. ಅದರಲ್ಲಿ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಟ್ಯಾಲಿಗೆ ಯಾಕೆ ಬೇಕು? ಒಂದು ಫ್ರೇಮಿಗೆ 50 ನಿಮಿಷ, ಒಂದು ಕಂತೆಗೆ ಎಂಟು ಗಂಟೆ ಇಪ್ಪತ್ತು ನಿಮಿಷ.

ಮದುವೆ ಮನೆಯ ಪಂಕ್ತಿಯಲ್ಲಿ ಎಲ್ಲರೂ ಮಜ್ಜಿಗೆ ಕುಡಿದು ಕೈ ಒಣಗಿಸಿಕೊಂಡು ಕೂತಿರುತ್ತಾರೆ, ಮೂಲೆಯಲ್ಲಿ ಒಬ್ಬರು ಇನ್ನೂ ಹೋಳಿಗೆಗೆ ತುಪ್ಪ ಕೇಳುತ್ತಿರುತ್ತಾರಲ್ಲ, ಹಾಗೆ. ಎಬ್ಬಿಸುವಂತಿಲ್ಲ. ಒಂದೊಂದೇ ಫ್ರೇಮ್ ಬಡಿಸಿದ್ದರೆ ಈ ತಾಪತ್ರಯ ಇರುತ್ತಿರಲಿಲ್ಲ. ಏಳು ಗಂಟೆಗೆ ಊಟ ಮುಗಿಯಿತು.

ಸೋಮವಾರ ಊದುಬತ್ತಿ ಕಂಪನಿಯ ಯಜಮಾನರು ಬಂದರು. ಪರದೆಯ ಮೇಲೆ ಹೊಗೆ ಸುರುಳಿ ಸುರುಳಿಯಾಗಿ ಎದ್ದಿತು. ಒಂದು ಫ್ರೇಮಿನಲ್ಲೂ ತಪ್ಪಿಲ್ಲ. ನನ್ನ ಕಣ್ಣು ತುಂಬಿ ಬಂತು.

"ಚೆನ್ನಾಗಿದೆ," ಎಂದರು ಯಜಮಾನರು. "ಆದ್ರೆ ಹೊಗೆ ಸ್ವಲ್ಪ ಜಾಸ್ತಿ ಆಯ್ತು. ಈಗಿನ ಜನಕ್ಕೆ ಹೊಗೆ ಆಗಲ್ಲ ನೋಡಿ. ಕಮ್ಮಿ ಮಾಡಿ."

ಹುಡುಗ ನನ್ನ ಮುಖ ನೋಡಿದ. "ಸರ್, ಆವತ್ತಿನ ಫುಸ್ ವಿಡಿಯೋ ಇನ್ನೂ ಇದೆಯಾ?"