ರಿಫರ್ಬಿಶ್ಡ್ ಲ್ಯಾಪ್‌ಟಾಪ್: ತುಮಕೂರಿನ ವಿದ್ಯಾರ್ಥಿಗೆ ಕೊಡಿಸಬಹುದೇ?

ಪರ: ಅಪಾಯವಿದೆ, ಅದನ್ನು ಅಂಗಡಿಯಲ್ಲೇ ಅಳೆಯಬಹುದು

ಮಗ ಎಂಜಿನಿಯರಿಂಗ್ ಸೇರಿದ್ದಾನೆ, ಇಲ್ಲವೇ ಮಗಳು ಬಿಸಿಎ ಓದುತ್ತಿದ್ದಾಳೆ. ಕೈಯಲ್ಲಿರುವುದು 20,000 ರೂಪಾಯಿ. ಹೊಸದೇ ಬೇಕೆಂದು ಬಿ.ಎಚ್. ರಸ್ತೆಯ ಶೋರೂಮಿಗೆ ಹೋದರೆ ಈ ದುಡ್ಡಿಗೆ ಸಿಗುವುದು ಸೆಲೆರಾನ್ ಮಟ್ಟದ, ಅಂದರೆ ಇಂಟೆಲ್‌ನ ಅಗ್ಗದ, ನಿಧಾನಗತಿಯ ಪ್ರೊಸೆಸರ್. ರ‍್ಯಾಮ್ (ಮೆಮೊರಿ) ಹೆಚ್ಚಾಗಿ ಬೋರ್ಡಿಗೇ ಬೆಸುಗೆಯಾಗಿರುತ್ತದೆ, ಮುಂದೆ ಹೆಚ್ಚಿಸಲು ಬರುವುದಿಲ್ಲ. ಸ್ಟೋರೇಜ್ 64 ಜಿಬಿ ಇದ್ದರೆ ವಿಂಡೋಸ್ ಅಪ್‌ಡೇಟ್ ಇಳಿಸಿಕೊಳ್ಳಲೂ ಜಾಗ ಸಾಲದು. ಅಷ್ಟೇ ದುಡ್ಡಿಗೆ ರಿಫರ್ಬಿಶ್ಡ್, ಅಂದರೆ ಬಳಸಿದ್ದನ್ನು ಸರಿಪಡಿಸಿ ಮತ್ತೆ ಮಾರುವ ಯಂತ್ರ ನೋಡಿದರೆ, ಕಂಪನಿಗಳು ಲೀಸಿಗೆ ಪಡೆದು ಅವಧಿ ಮುಗಿದ ಮೇಲೆ ಸಾಲುಸಾಲಾಗಿ ಹಿಂದಿರುಗಿಸಿದ ಲೆನೊವೊ ಥಿಂಕ್‌ಪ್ಯಾಡ್ ಟಿ480, ಡೆಲ್ ಲ್ಯಾಟಿಟ್ಯೂಡ್ 7490, ಎಚ್‌ಪಿ ಎಲೈಟ್‌ಬುಕ್ 840 ಜಿ5 ಸಿಗುತ್ತವೆ. ಇವುಗಳಲ್ಲಿ ಎರಡು ರ‍್ಯಾಮ್ ಸ್ಲಾಟ್ ಇವೆ, ಫೈಲುಗಳನ್ನು ಇಡುವ ಎಸ್‌ಎಸ್‌ಡಿ ಬದಲಿಸಬಹುದು, ಕೀಬೋರ್ಡ್ ದಿನವಿಡೀ ಟೈಪ್ ಮಾಡುವವರಿಗೆಂದೇ ಮಾಡಿದ್ದು. ಬೆಂಗಳೂರಿನಿಂದ ಎಪ್ಪತ್ತು ಕಿಲೋಮೀಟರ್ ದೂರದಲ್ಲಿರುವ ನಮಗೆ ಇಂಥ ಸರಕಿನ ಕೊರತೆಯೂ ಇಲ್ಲ.

ಮೊದಲು ನೋಡಬೇಕಾದ್ದು ಪ್ರೊಸೆಸರಿನ ಸಂಖ್ಯೆ. ಟಿ470 ಮತ್ತು ಟಿ480 ನೋಡಲು ಅವಳಿಜವಳಿ, ಲ್ಯಾಟಿಟ್ಯೂಡ್ 7480 ಮತ್ತು 7490 ಕೂಡ ಹಾಗೆಯೇ. ಐ5-7300ಯು ಎಂದಿದ್ದರೆ ಅದು ಏಳನೇ ತಲೆಮಾರು, ಎರಡೇ ಕೋರ್ (ಪ್ರೊಸೆಸರಿನೊಳಗೆ ಕೆಲಸ ಮಾಡುವ ಘಟಕ). ಐ5-8250ಯು ಅಥವಾ 8350ಯು ಇದ್ದರೆ ಎಂಟನೇ ತಲೆಮಾರು, ನಾಲ್ಕು ಕೋರ್. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಇಂಟೆಲ್‌ನಲ್ಲಿ ಬಹುಪಾಲು ಎಂಟನೇ ತಲೆಮಾರಿನಿಂದಲೇ ಶುರು. ಅದಕ್ಕಿಂತ ಹಳೆಯದರಲ್ಲೂ ತಪಾಸಣೆಯನ್ನು ತಪ್ಪಿಸಿ 11 ಹಾಕಿ ಮಾರುವವರಿದ್ದಾರೆ. ಹಾಗಾಗಿ ಡಬ್ಬಿಯ ಮೇಲಿನ ಹೆಸರನ್ನು ನಂಬದೆ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಎ ಗ್ರೇಡ್, ಬಿ ಗ್ರೇಡ್ ಎಂಬ ಚೀಟಿಗಳು ಹೆಚ್ಚಾಗಿ ಹೊರಮೈ ಗೀರುಗಳ ಲೆಕ್ಕ, ಒಳಗಿನ ಆರೋಗ್ಯದ್ದಲ್ಲ.

ಇನ್ನು ಹಳೆಯ ಮಾಲೀಕರು ಹಾಕಿಟ್ಟ ಪಾಸ್‌ವರ್ಡ್, ಲಾಗಿನ್ ಬೀಗಗಳು. ಇಲ್ಲಿ ಅವಸರ ಮಾಡಬೇಡಿ, ದುಡ್ಡು ಮುಳುಗುವುದು ಹೆಚ್ಚಾಗಿ ಇಲ್ಲೇ. ಯಂತ್ರ ಆನ್ ಆಗುವಾಗ ಥಿಂಕ್‌ಪ್ಯಾಡ್‌ನಲ್ಲಿ ಎಫ್1, ಡೆಲ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10 ಒತ್ತಿ ಬಯೋಸ್ (ವಿಂಡೋಸ್‌ಗೂ ಮೊದಲು ಓಡುವ ಮೂಲ ತಂತ್ರಾಂಶ) ಒಳಗೆ ಹೋಗಿ. ಪಾಸ್‌ವರ್ಡ್ ಕೇಳಿದರೆ ಅಲ್ಲಿಗೇ ಬಿಡಿ. ಥಿಂಕ್‌ಪ್ಯಾಡಿನ ಸೂಪರ್‌ವೈಸರ್ ಪಾಸ್‌ವರ್ಡ್ ಮರೆತರೆ ಬೋರ್ಡ್ ಬದಲಿಸುವುದೇ ಕಂಪನಿ ಹೇಳುವ ದಾರಿ. ಆಮೇಲೆ ಅಂಗಡಿಯವರಿಂದಲೇ ವಿಂಡೋಸ್ ಅನ್ನು ಪೂರ್ತಿ ರೀಸೆಟ್ ಮಾಡಿಸಿ, ಸೆಟಪ್ ಶುರುವಾದಾಗ ನಿಮ್ಮ ಮೊಬೈಲಿನ ಹಾಟ್‌ಸ್ಪಾಟ್ ಕೊಡಿ. ಮೊದಲು ಬಳಸಿದ ಕಂಪನಿ ತನ್ನ ಪಟ್ಟಿಯಿಂದ ಯಂತ್ರವನ್ನು ತೆಗೆದಿರದಿದ್ದರೆ ಆ ಕಂಪನಿಯ ಹೆಸರಿನ ಲಾಗಿನ್ ಪರದೆ ಆಗಲೇ ಎದ್ದು ನಿಲ್ಲುತ್ತದೆ. ಇಂಟರ್‌ನೆಟ್ ಇಲ್ಲದೆ ಸೆಟಪ್ ಮುಗಿಸಿಟ್ಟ ಯಂತ್ರದಲ್ಲಿ ಇದು ಕಾಣುವುದಿಲ್ಲ. ಮನೆಗೆ ತಂದು ಎಂದೋ ರೀಸೆಟ್ ಮಾಡಿದ ದಿನ ಕಾಣುತ್ತದೆ.

ಬ್ಯಾಟರಿಗೆ ಕಮ್ಯಾಂಡ್ ಪ್ರಾಂಪ್ಟಿನಲ್ಲಿ powercfg /batteryreport ಎಂದು ಟೈಪ್ ಮಾಡಿ ಬ್ಯಾಟರಿ ರಿಪೋರ್ಟ್ ತೆಗೆಯಿರಿ. ಡಿಸೈನ್ ಕೆಪಾಸಿಟಿ 50,000 ಇದ್ದು ಫುಲ್ ಚಾರ್ಜ್ ಕೆಪಾಸಿಟಿ 30,000 ಎಂದು ತೋರಿಸಿದರೆ ಉಳಿದಿರುವುದು ಶೇ. 60. ಶೇ. 80ಕ್ಕಿಂತ ಕಡಿಮೆ ಇದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ಚೌಕಾಸಿಯಲ್ಲೇ ಕಳೆಯಿಸಿ. ಎಸ್‌ಎಸ್‌ಡಿಯ ಆರೋಗ್ಯಕ್ಕೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ತಂತ್ರಾಂಶ ಸಾಕು. ಡೆಲ್ ಆದರೆ ಚಾರ್ಜರನ್ನೂ ಪರೀಕ್ಷಿಸಿ. ನಕಲಿ ಚಾರ್ಜರನ್ನು ಯಂತ್ರ ಗುರುತಿಸದಿದ್ದರೆ ಆನ್ ಆಗುವಾಗಲೇ ಎಚ್ಚರಿಕೆ ಬರುತ್ತದೆ, ಬ್ಯಾಟರಿ ಚಾರ್ಜ್ ಆಗುವುದಿಲ್ಲ, ಪ್ರೊಸೆಸರ್ ವೇಗವೂ ಕುಸಿಯುತ್ತದೆ. ಎಷ್ಟೋ ಜನ ಇದನ್ನೇ ಲ್ಯಾಪ್‌ಟಾಪಿನ ದೋಷ ಅಂದುಕೊಳ್ಳುತ್ತಾರೆ. ಪರದೆಯನ್ನು ಪೂರ್ತಿ ಬಿಳಿ, ಪೂರ್ತಿ ಕಪ್ಪು ಮಾಡಿ ನೋಡಿ. ಎಲ್ಲ ಕೀ, ಎಲ್ಲ ಕಿಂಡಿ (ಪೋರ್ಟ್), ಕ್ಯಾಮೆರಾ, ಮೈಕ್ ನೋಡಿ. ಅರ್ಧ ಗಂಟೆಯ ಕೆಲಸ. ಇದಕ್ಕೆ ಒಪ್ಪದ ಅಂಗಡಿಯಲ್ಲಿ ವ್ಯಾಪಾರವೇ ಬೇಡ.

ಬಿಲ್ಲಿನಲ್ಲಿ ಜಿಎಸ್‌ಟಿ ಸಂಖ್ಯೆ, ಯಂತ್ರದ ಸೀರಿಯಲ್ ನಂಬರ್, ವಾರಂಟಿಯ ಅವಧಿ ಮೂರೂ ಇರಲಿ. ಬೆಂಗಳೂರಿನಲ್ಲಿ ಕೊಂಡಿದ್ದರೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಮೊದಲ ಹೆಜ್ಜೆಯಾಗಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಇಷ್ಟು ಕಾಗದ ಕೈಯಲ್ಲಿದ್ದರೆ ನಾಲ್ಕು ಕೋರಿನ, 16 ಜಿಬಿ ರ‍್ಯಾಮಿನ ಯಂತ್ರವನ್ನು ಬಿಟ್ಟು ಮಗುವಿಗೆ ಸೆಲೆರಾನ್ ಕೊಡಿಸುವುದರಲ್ಲಿ ನನಗಂತೂ ಯಾವ ಜಾಣತನವೂ ಕಾಣುವುದಿಲ್ಲ.

ವಿರೋಧ: ಕೈಕೊಡುವುದು ಅಳತೆಗೆ ಸಿಗದ ಭಾಗ

ಮೇಲಿನ ಪರೀಕ್ಷೆಗಳೆಲ್ಲ ಸರಿ. ಆದರೆ ಪಾವಗಡದಿಂದಲೋ ಸಿರಾದಿಂದಲೋ ಬಂದ ಅಪ್ಪ-ಅಮ್ಮ ಅಂಗಡಿಯಲ್ಲಿ ನಿಂತು ಯಂತ್ರವನ್ನು ರೀಸೆಟ್ ಮಾಡಿಸಿ ಹಾಟ್‌ಸ್ಪಾಟ್ ಕೊಡುತ್ತಾರೆಯೇ? ಗೊತ್ತಿರುವ ಒಬ್ಬರು ಜೊತೆಗಿದ್ದರೆ ಮಾತ್ರ ನಿಲ್ಲುವ ವ್ಯಾಪಾರವನ್ನು ಎಲ್ಲರಿಗೂ ಶಿಫಾರಸು ಮಾಡಬಾರದು.

ಗೊತ್ತಿರುವವರಿಗೂ ಅಂಕಿಗಳು ಪೂರ್ತಿ ಸತ್ಯ ಹೇಳುವುದಿಲ್ಲ. ಬ್ಯಾಟರಿ ರಿಪೋರ್ಟ್ ಓದುವುದು ಬ್ಯಾಟರಿಯೊಳಗಿನ ಚಿಪ್ ಹೇಳಿದ್ದನ್ನು. ಅಗ್ಗದ ನಕಲಿ ಬ್ಯಾಟರಿಯಲ್ಲಿ, ಸೆಲ್ ಬದಲಿಸಿ ಚಿಪ್ ರೀಸೆಟ್ ಮಾಡಿದ ಬ್ಯಾಟರಿಯಲ್ಲಿ ಆ ಚಿಪ್ ಶೇ. 100 ಎಂದೇ ಹೇಳುತ್ತದೆ. ಬಳಸುವಾಗ ಶೇ. 40ರವರೆಗೆ ನಿಧಾನವಾಗಿ ಇಳಿದು, ಅಲ್ಲಿಂದ ಒಮ್ಮೆಗೇ ಯಂತ್ರ ಆಫ್. ಕೆಲವು ತಿಂಗಳಲ್ಲಿ ಸೆಲ್ ಉಬ್ಬಿ ಟಚ್‌ಪ್ಯಾಡ್ ಮೇಲೇಳುತ್ತದೆ. ಆಮೇಲೂ ಅದನ್ನೇ ಬಳಸಿದರೆ ಬೆಂಕಿಯ ಭಯ.

ಎಲ್ಲಕ್ಕಿಂತ ದೊಡ್ಡ ಸಂಗತಿ ಮದರ್‌ಬೋರ್ಡ್, ಅಂದರೆ ಎಲ್ಲ ಭಾಗಗಳನ್ನು ಜೋಡಿಸುವ ಮುಖ್ಯ ಬೋರ್ಡ್. ಅದಕ್ಕೆ ಆರೋಗ್ಯದ ಶೇಕಡಾವಾರು ಇಲ್ಲ. ಚಹಾ ಚೆಲ್ಲಿದ ಬೋರ್ಡನ್ನು ತೊಳೆದು ಒಣಗಿಸಿದರೆ ಯಂತ್ರ ಆನ್ ಆಗುತ್ತದೆ, ಅರ್ಧ ಗಂಟೆಯ ಪರೀಕ್ಷೆಯಲ್ಲೂ ಪಾಸಾಗುತ್ತದೆ. ಆದರೆ ಚಿಪ್‌ಗಳ ಅಡಿಯಲ್ಲಿ ಉಳಿದ ತೇವ, ಸಕ್ಕರೆಯ ಅಂಟು ಬೆಸುಗೆಯನ್ನು ತಿನ್ನುತ್ತಲೇ ಇರುತ್ತದೆ, ಮಳೆಗಾಲದಲ್ಲಿ ಇನ್ನೂ ಬೇಗ. ಬಿಸಿಗಾಳಿ ಹಾಯಿಸಿ ಚಿಪ್‌ನ ಸಡಿಲ ಬೆಸುಗೆಯನ್ನು ತಾತ್ಕಾಲಿಕವಾಗಿ ಕೂರಿಸಿದ ರಿಪೇರಿಯೂ ಹೀಗೆಯೇ: ಬಿಸಿಯಾಗಿ, ತಣ್ಣಗಾಗಿ, ಮತ್ತೆ ಬಿಸಿಯಾಗುತ್ತ ಕೆಲವು ವಾರಗಳಲ್ಲಿ ಬಿಟ್ಟುಕೊಳ್ಳುತ್ತದೆ. ಹಿಂಬದಿ ಮುಚ್ಚಳ ತೆಗೆದಾಗ ಸ್ಕ್ರೂ ತಲೆ ಸವೆದಿದ್ದರೆ, ಚಾರ್ಜಿಂಗ್ ಭಾಗದ ಸುತ್ತ ಬೆಸುಗೆಗೆ ಬಳಸುವ ಫ್ಲಕ್ಸ್‌ನ ಕಂದುಬಣ್ಣದ ಜಿಗುಟಿದ್ದರೆ ಯಾರೋ ಕೈಯಾಡಿಸಿದ್ದಾರೆ ಎಂದು ಗೊತ್ತಾಗುತ್ತದೆ. ನಾಜೂಕಾಗಿ ಕೆಲಸ ಮಾಡುವವರು ಅದನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿಬಿಟ್ಟಿರುತ್ತಾರೆ.

ಹೊಗಳಿಸಿಕೊಂಡ ಟಿ480ಯಲ್ಲೂ ಹುಟ್ಟಿನಿಂದ ಬಂದ ತೊಂದರೆಯೊಂದಿದೆ. ಅದರ ಟೈಪ್-ಸಿ ಕಿಂಡಿಯನ್ನು ನಡೆಸುವ ಹಳೆಯ ಥಂಡರ್‌ಬೋಲ್ಟ್ ಫರ್ಮ್‌ವೇರ್ (ಚಿಪ್‌ನೊಳಗಿನ ತಂತ್ರಾಂಶ) ದೋಷದಿಂದ ಟೈಪ್-ಸಿ ಕಿಂಡಿ ಕೆಡಬಹುದು. ಆ ಯಂತ್ರ ಚಾರ್ಜ್ ಆಗುವುದೂ ಟೈಪ್-ಸಿಯಿಂದಲೇ. ಲೆನೊವೊ ಅಪ್‌ಡೇಟ್ ಬಿಟ್ಟು ಸರಿಪಡಿಸಿತು. ನಿಮ್ಮ ಕೈಗೆ ಬಂದ ಯಂತ್ರಕ್ಕೆ ಅದನ್ನು ಹಾಕಿದ್ದರೋ ಇಲ್ಲವೋ ನೀವೇ ನೋಡಿಕೊಳ್ಳಬೇಕು.

ಈಗ ವಾರಂಟಿ. ಚೀಟಿಯಲ್ಲಿ 'ಟೆಸ್ಟಿಂಗ್ ವಾರಂಟಿ 15 ದಿನ' ಎಂದಿರಬಹುದು, ಹೆಚ್ಚೆಂದರೆ ಕೆಲವು ತಿಂಗಳು. ಅದರಲ್ಲೂ ಬ್ಯಾಟರಿ, ಚಾರ್ಜರ್, ಡಿಸ್‌ಪ್ಲೇ ಸೇರಿಲ್ಲ ಎಂಬ ಸಾಲು ಕೆಳಗಿರುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡಿದ್ದರೆ ರಿಪೇರಿಗೆ ಕೊಡಲು ಒಮ್ಮೆ, ತರಲು ಒಮ್ಮೆ ಅಲ್ಲಿಗೆ ಹೋಗಬೇಕು. ಪಾವಗಡದವರಿಗೆ ತುಮಕೂರು ತಲುಪುವುದೇ ನೂರು ಕಿಲೋಮೀಟರಿನ ಮಾತು. ಗ್ರಾಹಕ ಆಯೋಗದ ಹಕ್ಕು ನಿಜ, ಆದರೆ ನೋಟಿಸು, ಉತ್ತರ, ವಿಚಾರಣೆ ಮುಗಿಯುವ ಹೊತ್ತಿಗೆ ಸೆಮಿಸ್ಟರ್ ಮುಗಿದಿರುತ್ತದೆ. ಲ್ಯಾಬ್ ರೆಕಾರ್ಡ್ ಸಲ್ಲಿಸಬೇಕಾದ ವಾರ ಯಂತ್ರ ಸತ್ತರೆ ಮುಂದೆ ಸಿಗುವ ಪರಿಹಾರದಿಂದ ಆ ವಾರ ವಾಪಸು ಬರುವುದಿಲ್ಲ.

ವಯಸ್ಸಿನ ಲೆಕ್ಕವನ್ನೂ ಬರೆದಿಡಿ. ಇಂಟೆಲ್ ಎಂಟನೇ ತಲೆಮಾರು ಬಂದದ್ದು 2017ರ ಆಗಸ್ಟಿನಲ್ಲಿ. ವಿಂಡೋಸ್ 11ರ ಪಟ್ಟಿಯಲ್ಲಿ ಅದು ಕೊನೆಯ ಮೆಟ್ಟಿಲು. ಈಗ ನಾಲ್ಕು ವರ್ಷದ ಕೋರ್ಸ್ ಸೇರಿದವರು ಹೊರಬರುವಾಗ ಆ ವಿನ್ಯಾಸಕ್ಕೆ ಹನ್ನೆರಡು ವರ್ಷ ದಾಟಿರುತ್ತದೆ. 20,000ಕ್ಕೆ ಒಳ್ಳೆಯ ಬ್ಯಾಟರಿ, ಅಸಲಿ ಚಾರ್ಜರ್, ಹೊಸ ಎಸ್‌ಎಸ್‌ಡಿ ಸೇರಿಸಿದರೆ ಖರ್ಚು 26,000 ಮುಟ್ಟುತ್ತದೆ. ಇನ್ನು ಹತ್ತು-ಹನ್ನೆರಡು ಸಾವಿರ ಹೊಂದಿಸಿದರೆ ಐ3 ಅಥವಾ ರೈಜೆನ್ 3 ಪ್ರೊಸೆಸರಿನ ಹೊಸ ಯಂತ್ರ, ಒಂದು ವರ್ಷದ ವಾರಂಟಿಯೊಂದಿಗೆ. ಸೆಲೆರಾನ್ ಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಅದು ಹೊಸದಾದರೂ ದಂಡ.

ಅಷ್ಟು ದುಡ್ಡು ಇವತ್ತು ಇಲ್ಲದಿದ್ದರೆ ಮೊದಲ ಸೆಮಿಸ್ಟರನ್ನು ಕಾಲೇಜಿನ ಲ್ಯಾಬಿನಲ್ಲಿ ನಡೆಸಿ, ಕಂತಿನಲ್ಲಿ ಹೊಸದು ತೆಗೆದುಕೊಳ್ಳಿ. ಮನೆಯಲ್ಲಿ ಇನ್ನೊಂದು ಕಂಪ್ಯೂಟರ್ ಇದ್ದು ಇದು ಎರಡನೆಯದಾದರೆ ರಿಫರ್ಬಿಶ್ಡ್ ಬಗ್ಗೆ ನನ್ನ ತಕರಾರಿಲ್ಲ. ಹೊಸದನ್ನು ಕೊಳ್ಳುವಾಗಲೂ ಒಂದು ಮಾತು: ದುಡ್ಡು ಕಟ್ಟುವ ಮೊದಲು ಕಂಪನಿಯ ಸಹಾಯವಾಣಿಗೆ ನಿಮ್ಮೂರಿನ ಪಿನ್‌ಕೋಡ್ ಕೊಟ್ಟು, ಎಂಜಿನಿಯರ್ ಮನೆಗೇ ಬರುತ್ತಾರೋ, ಇಲ್ಲ ನೀವೇ ಸರ್ವಿಸ್ ಸೆಂಟರಿಗೆ ಹೊತ್ತುಕೊಂಡು ಹೋಗಬೇಕೋ ಕೇಳಿ. ಒಂದೇ ಬೆಲೆಯ ಎರಡು ಯಂತ್ರಗಳಲ್ಲಿ ಮನೆಗೆ ಬರುವ ವಾರಂಟಿ ಇರುವುದನ್ನೇ ಆರಿಸಿ.