ದೇವರ ಮೇಲೆ ಸಿಟ್ಟಿಲ್ಲ, ಮೊಳೆ ಹೊಡೆದವರ ಮೇಲೆ

ನಿನ್ನೆ ಮಗಳ ಸ್ಕೂಲಿನಲ್ಲಿ ಪೇರೆಂಟ್ಸ್ ಮೀಟಿಂಗ್. ಟೀಚರ್ ಅವಳ ಗಣಿತವನ್ನು ಬಾಯ್ತುಂಬ ಹೊಗಳುತ್ತಿದ್ದರು. ನನ್ನ ಕಣ್ಣು ಮಾತ್ರ ಅವರ ಬೆನ್ನ ಹಿಂದಿನ ಗೋಡೆಯ ಮೇಲೆ. ಮಗ್ಗಿ ಚಾರ್ಟಿನ ಪಕ್ಕದಲ್ಲಿ ಬೈಬಲ್ಲಿನ ಹತ್ತು ಆಜ್ಞೆಗಳು. ಶುರುವಿನಲ್ಲೇ ನಾನಲ್ಲದೆ ನಿನಗೆ ಬೇರೆ ದೇವರುಗಳು ಇರಬಾರದು ಅಂತ. ಅದರ ಕೆಳಗೆ, ವಿಗ್ರಹ ಮಾಡಿಕೊಳ್ಳಬಾರದು. ನನ್ನ ಮಗಳ ಬ್ಯಾಗಿನ ಜಿಪ್ಪಿನಲ್ಲಿ ಅವಳಜ್ಜಿ ಕಟ್ಟಿಕೊಟ್ಟ ಪುಟಾಣಿ ಗಣಪ ನೇತಾಡುತ್ತಿರುತ್ತಾನೆ. ಪಾಪ, ಅವನಿಗೆ ಇಂಗ್ಲಿಷ್ ಓದಲು ಬರುತ್ತೋ ಇಲ್ಲವೋ.

ಟೀಚರ್ ತಪ್ಪಲ್ಲ. ಅವರೂ ನನ್ನ ಮುಖ ನೋಡಿ ಸಪ್ಪೆ ನಕ್ಕರು. ನಾವಿರುವ ಅಮೆರಿಕದ ಟೆಕ್ಸಸ್‌ನಲ್ಲಿ ಇದು ಈಗ ಕಾನೂನು. 2025ರ ಜೂನ್‌ನಲ್ಲಿ ಗವರ್ನರ್ ಗ್ರೆಗ್ ಅಬಾಟ್ ಸಹಿ ಹಾಕಿದರು, ಸೆಪ್ಟೆಂಬರ್ 1ರಿಂದ ಜಾರಿ. ಸರ್ಕಾರಿ ಶಾಲೆಯ ಪ್ರತಿ ಕ್ಲಾಸಿನಲ್ಲೂ ಕನಿಷ್ಠ 16 ಇಂಚು ಅಗಲ, 20 ಇಂಚು ಎತ್ತರದ ಪೋಸ್ಟರ್. ಕ್ಲಾಸಿನ ಯಾವ ಮೂಲೆಯಿಂದ ನೋಡಿದರೂ ಓದುವ ಹಾಗಿರಬೇಕಂತೆ. ಯಾರಾದರೂ ದಾನ ಕೊಟ್ಟರೆ ಶಾಲೆ ಬೇಡ ಅನ್ನುವಂತಿಲ್ಲ. ಪಕ್ಕದ ಲೂಸಿಯಾನ ರಾಜ್ಯ ಇದನ್ನೇ 2024ರಲ್ಲಿ ಮಾಡಿತ್ತು.

ನಮ್ಮ ಕನ್ನಡ ಸಂಘದ ವಾಟ್ಸಾಪ್ ಗ್ರೂಪಿನಲ್ಲಿ ಹೇಳಿಕೊಂಡೆ. ಬಂತು ನೋಡಿ ಉಪದೇಶ! 'ಕದಿಯಬೇಡ, ಕೊಲ್ಲಬೇಡ, ಅಪ್ಪ ಅಮ್ಮನನ್ನು ಗೌರವಿಸು. ನಾವು ಮನೇಲಿ ಹೇಳಿಕೊಡೋದೂ ಇದೇ ಅಲ್ವಾ?' ಸ್ವಾಮಿ, ಆ ಮೂರು ಸಾಲಿಗೆ ನನ್ನ ತಕರಾರೇ ಇಲ್ಲ. ಅಷ್ಟನ್ನೇ ಹಾಕಿದ್ದರೆ ನಾನೇ ಫ್ರೇಮ್ ಹಾಕಿಸಿ ಕೊಡುತ್ತಿದ್ದೆ. ಆದರೆ ಯಾವ ದೇವರನ್ನು ಪೂಜಿಸಬೇಕು ಅನ್ನುವುದನ್ನೂ ಸೇರಿಸಿ ಹಾಕಿದ್ದಾರಲ್ಲ, ಅದಕ್ಕೆ ಏನಂತೀರಿ? ಇನ್ನು ವ್ಯಭಿಚಾರ ಮಾಡಬೇಡ, ನೆರೆಯವನ ಹೆಂಡತಿಗೆ ಆಸೆಪಡಬೇಡ ಅನ್ನುವುದೂ ಅಲ್ಲೇ ಇದೆ. ಎರಡನೇ ಕ್ಲಾಸಿನ ಮಗು ಕೈ ಎತ್ತಿ 'ಇದು ಏನು ಮಿಸ್?' ಅಂತ ಕೇಳಿದರೆ ಉತ್ತರ ಕೊಡಲು ರಾಜಧಾನಿ ಆಸ್ಟಿನ್‌ನಿಂದ ಶಾಸಕರು ಬರುತ್ತಾರಾ?

ಮತ್ತೆ ಹೇಳುತ್ತೇನೆ, ದೇವರ ಮೇಲೆ ನನಗೆ ಸಿಟ್ಟಿಲ್ಲ. ಚರ್ಚಿನಲ್ಲಿ ಹಾಕಿಕೊಳ್ಳಲಿ, ಮನೆ ಬಾಗಿಲಿಗೆ ಹಾಕಿಕೊಳ್ಳಲಿ, ಟ್ರಕ್ಕಿನ ಹಿಂದೆ ಅಂಟಿಸಿಕೊಂಡು ಹೈವೇ ತುಂಬ ಓಡಾಡಲಿ. ಮೊಳೆ ಹೊಡೆದದ್ದು ಸರ್ಕಾರ ಅನ್ನುವುದಷ್ಟೇ ನನ್ನ ಗೋಳು.

'ಇದು ಕ್ರಿಶ್ಚಿಯನ್ನರು ಕಟ್ಟಿದ ದೇಶ, ಅವರಿಷ್ಟ' ಅಂತ ಇನ್ನೊಬ್ಬರು. ಅಣ್ಣಾ, ಸರ್ಕಾರ ಚರ್ಚಿನೊಳಗೆ ಕೈ ಹಾಕಬಾರದು ಅಂತ ಗಲಾಟೆ ಮಾಡಿದವರಲ್ಲಿ ಮುಂದಿದ್ದವರೇ ಕ್ರಿಶ್ಚಿಯನ್ನರು. ಅದರಲ್ಲೂ ಬ್ಯಾಪ್ಟಿಸ್ಟರು, ಅಂದರೆ ಪ್ರಾಟೆಸ್ಟೆಂಟರದೇ ಒಂದು ಪಂಥದವರು! ವರ್ಜೀನಿಯಾದಲ್ಲಿ ಲೈಸೆನ್ಸ್ ಇಲ್ಲದೆ ಬೋಧನೆ ಮಾಡಿದರು ಅಂತ ಅವರ ಪಾದ್ರಿಗಳನ್ನು ಜೈಲಿಗೆ ಹಾಕುತ್ತಿದ್ದರು. ಕನೆಕ್ಟಿಕಟ್, ಮ್ಯಾಸಚೂಸೆಟ್ಸ್ ಕಡೆ ಸರ್ಕಾರದ ಬೆಂಬಲವಿದ್ದ ಕಾಂಗ್ರಿಗೇಷನಲ್ ಚರ್ಚಿಗಾಗಿ ತೆರಿಗೆ ಎತ್ತುತ್ತಿದ್ದರು. ಅದರಿಂದ ಪಾರಾಗಲು ಬ್ಯಾಪ್ಟಿಸ್ಟರು ನಾವು ಬೇರೆ ಚರ್ಚಿನವರು ಅನ್ನುವ ಸರ್ಟಿಫಿಕೇಟ್ ಹಿಡಿದು ಅಲೆಯಬೇಕಿತ್ತು. ಕನೆಕ್ಟಿಕಟ್‌ನ ಡ್ಯಾನ್‌ಬರಿಯ ಬ್ಯಾಪ್ಟಿಸ್ಟರು ಆಗಿನ ಅಮೆರಿಕದ ಅಧ್ಯಕ್ಷ ಥಾಮಸ್ ಜೆಫರ್ಸನ್‌ಗೆ ಪತ್ರ ಬರೆದರು. ಚರ್ಚಿಗೂ ಸರ್ಕಾರಕ್ಕೂ ನಡುವೆ ಗೋಡೆ ಇದೆ ಅಂತ ಅಧ್ಯಕ್ಷರು ಉತ್ತರ ಕೊಟ್ಟದ್ದು 1802ರ ಜನವರಿ 1ರಂದು. ಮಜಾ ಏನು ಗೊತ್ತಾ? ಜಾನ್ ಲೆಲೆಂಡ್ ಅನ್ನುವ ಬ್ಯಾಪ್ಟಿಸ್ಟ್ ಪಾದ್ರಿ ಮ್ಯಾಸಚೂಸೆಟ್ಸ್‌ನ ಚೆಶೈರ್ ಊರಿನವರು ಮಾಡಿದ ದೈತ್ಯ ಚೀಸ್ ಗಡ್ಡೆಯನ್ನು ತಂದು ಜೆಫರ್ಸನ್‌ಗೆ ಒಪ್ಪಿಸಿದ್ದೂ ಅವತ್ತೇ. ತೂಕ 1,235 ಪೌಂಡ್, ಅಂದರೆ ಸುಮಾರು 560 ಕಿಲೋ! ನಮ್ಮ ಧರ್ಮದ ಸ್ವಾತಂತ್ರ್ಯ ಕಾಪಾಡುವವರು ನೀವು ಅನ್ನುವ ಖುಷಿಗೆ ಊರವರೆಲ್ಲ ಹಾಲು ಸೇರಿಸಿ ಮಾಡಿದ ಉಡುಗೊರೆ. ಈಗ ಅದೇ ಪಂಥದ ಎಷ್ಟೋ ಜನ ಈ ಪೋಸ್ಟರಿಗೆ ಚಪ್ಪಾಳೆ ಹೊಡೆಯುತ್ತಿದ್ದಾರೆ.

ಇನ್ನೊಂದು. ಹತ್ತು ಆಜ್ಞೆಗಳನ್ನು ಯಹೂದಿಗಳು ಎಣಿಸುವ ರೀತಿ ಬೇರೆ, ಕ್ಯಾಥೊಲಿಕರದು ಬೇರೆ, ಪ್ರಾಟೆಸ್ಟೆಂಟರದು ಬೇರೆ. ಕಾನೂನಿನಲ್ಲಿ ಒಂದೇ ಪಠ್ಯ, ಒಂದಕ್ಷರ ಬದಲಿಸುವಂತಿಲ್ಲ. ಶಾಲೆಯಲ್ಲಿ ಯಾರ ಬೈಬಲ್ ಓದಬೇಕು ಅಂತ 1844ರಲ್ಲಿ ಫಿಲಡೆಲ್ಫಿಯಾದಲ್ಲಿ ಎದ್ದ ಜಗಳ ಗಲಭೆಗೆ ತಿರುಗಿ ಕ್ಯಾಥೊಲಿಕ್ ಚರ್ಚುಗಳು ಸುಟ್ಟವು, ಜನ ಸತ್ತರು. ಕ್ರಿಶ್ಚಿಯನ್ನರು ಕ್ರಿಶ್ಚಿಯನ್ನರ ಮೇಲೇ ಬಿದ್ದದ್ದು. ಆಗ ನಾವು ಯಾರೂ ಇಲ್ಲಿ ಇರಲಿಲ್ಲ ನೋಡಿ, ನಮ್ಮ ಮೇಲೆ ಹಾಕಲೂ ಆಗಲ್ಲ.

ಈಗ ಹನುಮಂತನ ವಿಷಯ. ಹ್ಯೂಸ್ಟನ್ ಪಕ್ಕದ ಶುಗರ್‌ಲ್ಯಾಂಡ್‌ನಲ್ಲಿ 90 ಅಡಿ ಆಂಜನೇಯ ನಿಂತಿದ್ದಾನಲ್ಲ, 2024ರಲ್ಲಿ ಪ್ರತಿಷ್ಠೆಯಾದದ್ದು. 2025ರ ಸೆಪ್ಟೆಂಬರ್‌ನಲ್ಲಿ, ಆಗ ರಿಪಬ್ಲಿಕನ್ ಪಕ್ಷದ ಸೆನೆಟ್ ಟಿಕೆಟ್ ಆಕಾಂಕ್ಷಿಯಾಗಿದ್ದ ಅಲೆಗ್ಸಾಂಡರ್ ಡಂಕನ್ ಅದನ್ನು ಸುಳ್ಳು ದೇವರ ಸುಳ್ಳು ಪ್ರತಿಮೆ, ನಮ್ಮದು ಕ್ರಿಶ್ಚಿಯನ್ ದೇಶ ಅಂತ ಬರೆದ. ಗ್ರೂಪಿಗೆ ಗ್ರೂಪೇ ಹೊತ್ತಿ ಉರಿಯಿತು. ಆ ಮನುಷ್ಯ ಆಧಾರ ಅಂತ ಹಾಕಿದ್ದು ಯಾವುದನ್ನು? ಬೇರೆ ದೇವರುಗಳು ಇರಬಾರದು, ವಿಗ್ರಹ ಮಾಡಬಾರದು. ಈಗ ನನ್ನ ಮಗಳ ಕ್ಲಾಸಿನ ಗೋಡೆ ಮೇಲಿರುವ ಅದೇ ಸಾಲು! ಟ್ವೀಟಿನಲ್ಲಿದ್ದರೆ ಅವಮಾನ, ಗೋಡೆ ಮೇಲಿದ್ದರೆ ನೀತಿಪಾಠ, ಅಲ್ವಾ? ಹನುಮಂತ ನಿಂತಿರುವುದು ದೇವಸ್ಥಾನದ ಆವರಣದಲ್ಲಿ. ಹೋಗದವನು ಹೋಗಬೇಕಿಲ್ಲ. ಎಂಟು ವರ್ಷದ ಮಗು ಶಾಲೆಗೆ ಹೋಗದೆ ಇರಲು ಆಗುತ್ತಾ?

'ಊರಲ್ಲಿ ಸರ್ಕಾರಿ ಶಾಲೆಯಲ್ಲಿ ಸರಸ್ವತಿ ಪೂಜೆ ಮಾಡ್ತಿರಲಿಲ್ವಾ?' ಅಂತ ಕೇಳುವವರಿಗೆ: ಮಾಡುತ್ತಿದ್ದೆವು. ಪ್ರಸಾದದ ಮಂಡಕ್ಕಿಗೆ ನಾನೇ ಮುಂದೆ ನಿಲ್ಲುತ್ತಿದ್ದೆ. ಅಲ್ಲೂ ಇದೇ ಪ್ರಶ್ನೆ ಕೇಳಬೇಕು ಅನ್ನುವುದಾದರೆ ಕೇಳೋಣ, ಬನ್ನಿ. ಅದಕ್ಕೂ ನೀವೇ ಬೈಯುತ್ತೀರಿ ಅಂತ ಗೊತ್ತು.

ಈ ಕಾನೂನಿನ ವಿರುದ್ಧ ಸ್ಯಾನ್ ಆಂಟೋನಿಯೋದಲ್ಲಿ ಕೋರ್ಟಿಗೆ ಹೋದವರ ಪಟ್ಟಿಯಲ್ಲಿ ಮೊದಲ ಹೆಸರು ಒಬ್ಬ ರಬ್ಬೈಯದು, ಅಂದರೆ ಯಹೂದಿ ಧರ್ಮಗುರುವಿನದು. ಜೊತೆಗೆ ಕ್ರಿಶ್ಚಿಯನ್ ಕುಟುಂಬಗಳು, ಹಿಂದೂಗಳು, ದೇವರನ್ನೇ ನಂಬದವರು. 2025ರ ಆಗಸ್ಟ್‌ನಲ್ಲಿ ಜಡ್ಜ್ ತಡೆ ಕೊಟ್ಟರು, ಆದರೆ ಆ ಕೇಸಿನಲ್ಲಿದ್ದ ಸ್ಕೂಲ್ ಡಿಸ್ಟ್ರಿಕ್ಟ್‌ಗಳಿಗೆ (ಒಂದೊಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತಗಳಿಗೆ) ಮಾತ್ರ. ನಮ್ಮದು ಅದರಲ್ಲಿರಲಿಲ್ಲ. ನಾನೂ ಪ್ರಿನ್ಸಿಪಾಲರಿಗೆ ಒಂದು ಮೇಲ್ ಬರೆದಿದ್ದೇನೆ, ಡ್ರಾಫ್ಟಿನಲ್ಲೇ ಕೂತಿದೆ. ಗ್ರೀನ್ ಕಾರ್ಡ್ ಕ್ಯೂನಲ್ಲಿ ನಿಂತವನಿಗೆ ಧೈರ್ಯ ಸ್ವಲ್ಪ ಕಮ್ಮಿ, ನಿಮಗೆ ಹೇಳಬೇಕಾಗಿಲ್ಲ. ಆದರೆ ಮಗಳು ಹುಟ್ಟಿದ್ದು ಇಲ್ಲೇ. ಸಂವಿಧಾನ ಅವಳದ್ದು, ವೀಸಾ ನನ್ನದು.

ಸೋಮವಾರ ಕಳಿಸುತ್ತೇನೆ. ಜೊತೆಗೆ ಸಹಿ ಹಾಕುವವರು ಇನ್‌ಬಾಕ್ಸಿಗೆ ಬನ್ನಿ. ಸೆಪ್ಟೆಂಬರ್‌ನಲ್ಲಿ ಹನುಮಂತನ ಹೆಸರಲ್ಲಿ ಕೂಗಾಡಿದವರು ಮೊದಲು ಬನ್ನಿ.